ಸೋತವರಿಗೇ ಮೊದಲ ಆಯ್ಕೆ: ಡೆಟ್ರಾಯಿಟ್ ಅಭಿಮಾನಿಗಳ ಡ್ರಾಫ್ಟ್ ಜಗಳ

2005ರ ಡಿಸೆಂಬರ್ 18ರಂದು ಅಮೆರಿಕದ ಡೆಟ್ರಾಯಿಟ್ ನಗರದ ಫೋರ್ಡ್ ಫೀಲ್ಡ್ ಕ್ರೀಡಾಂಗಣದ ಹೊರಗೆ ಒಂದು ವಿಚಿತ್ರ ಮೆರವಣಿಗೆ ನಡೆಯಿತು. ಮೆರವಣಿಗೆಯಲ್ಲಿದ್ದವರೆಲ್ಲ ಸ್ಥಳೀಯ ಫುಟ್‌ಬಾಲ್ ತಂಡವಾದ ಡೆಟ್ರಾಯಿಟ್ ಲಯನ್ಸ್‌ನ ಅಭಿಮಾನಿಗಳು. ಅವರು ಘೋಷಣೆ ಕೂಗುತ್ತಿದ್ದುದು ಸಹ ಅದೇ ತಂಡದ ವಿರುದ್ಧ. ತಂಡದ ಬಣ್ಣ ನೀಲಿ ಮತ್ತು ಬೆಳ್ಳಿ. ಅಂದು ಬಹಳಷ್ಟು ಜನ ಬೇಕೆಂದೇ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಂದಿದ್ದರು. ಅದು ಎದುರಾಳಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಬಣ್ಣ. ಪಂದ್ಯವನ್ನು ಬೆಂಗಾಲ್ಸ್ 41-17ರಿಂದ ಗೆದ್ದಿತು. ಆದರೆ ಅಭಿಮಾನಿಗಳ ಕೋಪ ಆಟಗಾರರ ಮೇಲಿರಲಿಲ್ಲ. ಮೈದಾನಕ್ಕೆ ಇಳಿಯದ, ಸಮವಸ್ತ್ರ ತೊಡದ, ಕಚೇರಿಯಲ್ಲಿ ಕುಳಿತು ಆಟಗಾರರನ್ನು ಆರಿಸುವ ಒಬ್ಬ ವ್ಯಕ್ತಿಯ ಮೇಲಿತ್ತು. ಆತನ ಹೆಸರು ಮ್ಯಾಟ್ ಮಿಲ್ಲೆನ್.

ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ‘ಫ್ರಂಟ್ ಆಫೀಸ್’ ಎಂದರೆ ತಂಡದ ಆಡಳಿತ ವರ್ಗ. ಮಾಲೀಕ, ಅವನ ಕೆಳಗೆ ಜನರಲ್ ಮ್ಯಾನೇಜರ್, ಆತನ ಕೆಳಗೆ ಊರೂರು ತಿರುಗಿ ಕಾಲೇಜು ಆಟಗಾರರನ್ನು ನೋಡಿ ವರದಿ ಬರೆಯುವ ಪರಿಶೀಲಕರು, ಗುತ್ತಿಗೆಗಳ ಲೆಕ್ಕ ನೋಡುವವರು, ಇತ್ತೀಚೆಗೆ ಅಂಕಿಅಂಶ ತಜ್ಞರು. ತಂಡದಲ್ಲಿ ಯಾರಿರಬೇಕು ಎಂದು ನಿರ್ಧರಿಸುವವರು ಇವರು. ಇರುವವರನ್ನು ಇಟ್ಟುಕೊಂಡು ಆಡಿಸುವುದು ತರಬೇತುದಾರನ ಕೆಲಸ. ಅಲ್ಲಿನ ಅಭಿಮಾನಿಗಳು ವರ್ಷದಲ್ಲಿ ನಾಲ್ಕು ತಿಂಗಳು ಆಟದ ಬಗ್ಗೆ ಜಗಳವಾಡಿದರೆ ಉಳಿದ ಎಂಟು ತಿಂಗಳು ಈ ಕಚೇರಿಯ ಬಗ್ಗೆ ಜಗಳವಾಡುತ್ತಾರೆ. ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಾಣಬಹುದು. ಆ ಆಟದ ವ್ಯವಸ್ಥೆಯನ್ನು ತಿಳಿದರೆ ಅದಕ್ಕೊಂದು ತರ್ಕವಿರುವುದು ಗೋಚರಿಸುತ್ತದೆ.

ಹರಾಜಲ್ಲ, ಸರದಿ

ನಾವು ಬಲ್ಲ ಐಪಿಎಲ್ ಹರಾಜಿನಲ್ಲಿ ಹಣ ಹೆಚ್ಚು ಕೂಗಿದವನಿಗೆ ಆಟಗಾರ. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಮುಗಿಸಿ ಬರುವ ಹುಡುಗರನ್ನು ಹರಾಜು ಹಾಕುವುದಿಲ್ಲ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತವೆ. ಇದೇ ಡ್ರಾಫ್ಟ್. ಏಳು ಸುತ್ತು, ಸುಮಾರು 250 ಆಟಗಾರರು. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಆರಿಸಿದ ತಂಡದೊಡನೆ ಮಾತ್ರ ಆ ಹುಡುಗ ಒಪ್ಪಂದದ ಮಾತುಕತೆ ನಡೆಸಬಹುದು. ತಂಡಗಳು ತಮ್ಮ ಸರದಿಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಮುಂದಿನ ವರ್ಷಗಳ ಸರದಿಯನ್ನೂ ಅಡವಿಡಬಹುದು.

ಈ ಪದ್ಧತಿ 1936ರಲ್ಲಿ ಶುರುವಾಯಿತು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಇದನ್ನು ಸೂಚಿಸಿದವರು. ಅವರ ತಂಡ ಸೋಲುತ್ತಲೇ ಇತ್ತು. ಒಳ್ಳೆಯ ಹುಡುಗರೆಲ್ಲ ಗೆಲ್ಲುವ, ಹಣವಿರುವ ತಂಡಗಳಿಗೇ ಹೋಗುತ್ತಿದ್ದರು. ಸೋತವರಿಗೆ ಮೊದಲ ಆಯ್ಕೆ ಕೊಟ್ಟರೆ ಲೀಗ್‌ನಲ್ಲಿ ಸಮಬಲ ಉಳಿಯುತ್ತದೆ ಎಂಬುದು ಬೆಲ್ ವಾದ. ಮೊದಲ ಡ್ರಾಫ್ಟಿನ ಮೊದಲ ಸರದಿಯೂ ಅವರಿಗೇ ಸಿಕ್ಕಿತು. ಅವರು ಆರಿಸಿದ್ದು ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ ಜೇ ಬರ್‌ವಾಂಗರ್ ಅವರನ್ನು. ಆತ ಎನ್‌ಎಫ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಲೇ ಇಲ್ಲ! ಡ್ರಾಫ್ಟ್ ಎಂಬುದು ಎಂಥ ಜೂಜು ಎಂಬುದಕ್ಕೆ ಮೊದಲ ದಿನವೇ ಸಾಕ್ಷಿ ದೊರೆತಿತ್ತು.

ನಮ್ಮಲ್ಲೂ ಒಮ್ಮೆ ಡ್ರಾಫ್ಟ್ ನಡೆದದ್ದುಂಟು. 2008ರ ಮೊದಲ ಐಪಿಎಲ್‌ಗೆ ಮುನ್ನ, ಆಗಷ್ಟೇ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕ ಹಂಚಲಾಯಿತು. ದೆಹಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು. ದೆಹಲಿಯ ಬ್ಯಾಟಿಂಗ್ ಆಗಲೇ ಬಲಿಷ್ಠವಾಗಿತ್ತು. ಕೊಹ್ಲಿ ಬೆಂಗಳೂರಿಗೆ ಬಂದರು. ತಂಡದಲ್ಲಿ ಇಲ್ಲದ್ದನ್ನು ತುಂಬಿಕೊಳ್ಳಬೇಕೆ, ಅಥವಾ ಇರುವವರಲ್ಲಿ ಅತ್ಯುತ್ತಮನನ್ನು ಕಣ್ಣು ಮುಚ್ಚಿ ಆರಿಸಬೇಕೆ? ಎನ್‌ಎಫ್‌ಎಲ್ ಅಭಿಮಾನಿಗಳು ದಶಕಗಳಿಂದ ಕಾದಾಡುತ್ತಿರುವುದು ಈ ಒಂದು ಪ್ರಶ್ನೆಯ ಸುತ್ತಲೇ.

ಮಿಲ್ಲೆನ್ ಯುಗ

ಲಯನ್ಸ್ ಹಳೆಯ ತಂಡ. 1934ರಿಂದ ಡೆಟ್ರಾಯಿಟ್‌ನಲ್ಲಿದೆ. ಕೊನೆಯ ಸಲ ಪ್ರಶಸ್ತಿ ಗೆದ್ದಿದ್ದು 1957ರಲ್ಲಿ. ಕಾರು ಸಾಮ್ರಾಜ್ಯ ಕಟ್ಟಿದ ಹೆನ್ರಿ ಫೋರ್ಡ್ ಅವರ ಮೊಮ್ಮಗ ವಿಲಿಯಂ ಕ್ಲೇ ಫೋರ್ಡ್ 1963ರಲ್ಲಿ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡರು. ಅಂದಿನಿಂದ ತಂಡ ಆ ಕುಟುಂಬದ ಕೈಯಲ್ಲೇ ಇದೆ. 2001ರ ಜನವರಿಯಲ್ಲಿ ಫೋರ್ಡ್ ಅವರು ಮಿಲ್ಲೆನ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿದರು. ಮಿಲ್ಲೆನ್ ಒಳ್ಳೆಯ ಆಟಗಾರರಾಗಿದ್ದವರು, ಜನಪ್ರಿಯ ಟಿವಿ ವೀಕ್ಷಕ ವಿವರಣೆಕಾರರು. ಆದರೆ ತಂಡದ ಆಡಳಿತ ಕಚೇರಿಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ.

ಮುಂದೆ ನಡೆದದ್ದು ಅಭಿಮಾನಿಗಳಿಗೆ ಬಾಯಿಪಾಠ. 2003ರಲ್ಲಿ ಎರಡನೇ ಸರದಿಯಲ್ಲಿ ಚಾರ್ಲ್ಸ್ ರೋಜರ್ಸ್, 2004ರಲ್ಲಿ ಏಳನೇ ಸರದಿಯಲ್ಲಿ ರಾಯ್ ವಿಲಿಯಮ್ಸ್, 2005ರಲ್ಲಿ ಹತ್ತನೇ ಸರದಿಯಲ್ಲಿ ಮೈಕ್ ವಿಲಿಯಮ್ಸ್. ಮೂವರೂ ರಿಸೀವರ್‌ಗಳು. ಅಂದರೆ ದೂರ ಓಡಿಹೋಗಿ, ಎಸೆದ ಚೆಂಡನ್ನು ಹಿಡಿಯುವವರು. ಚೆಂಡನ್ನು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಒದಗಿಸುವ ದಾಂಡಿಗರು, ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರರು ತಂಡದಲ್ಲಿ ಸಾಲದಾಗಿದ್ದರು. ಸತತ ಮೂರು ವರ್ಷ ಮೊದಲ ಸುತ್ತಿನ ಅಮೂಲ್ಯ ಸರದಿಯನ್ನು ಒಂದೇ ಸ್ಥಾನಕ್ಕೆ ಸುರಿದದ್ದನ್ನು, ಅಡಿಪಾಯವಿಲ್ಲದ ಮನೆಗೆ ಮೂರು ಸಲ ಬಣ್ಣ ಬಳಿದಂತೆ ಎನ್ನಬಹುದು.

ರೋಜರ್ಸ್ ಮೊದಲ ಎರಡೂ ಋತುಗಳಲ್ಲಿ ಕೊರಳೆಲುಬು ಮುರಿದುಕೊಂಡರು. ಅವರ ನಂತರದ ಸರದಿಯಲ್ಲೇ ಹ್ಯೂಸ್ಟನ್ ತಂಡ ಆರಿಸಿದ ಆಂಡ್ರೆ ಜಾನ್ಸನ್ ಮುಂದೆ ಆಟದ ಗೌರವ ಭವನ ‘ಹಾಲ್ ಆಫ್ ಫೇಮ್’ ಸೇರಿದರು. ಮೈಕ್ ವಿಲಿಯಮ್ಸ್ ಎರಡು ಋತುಗಳಲ್ಲೇ ತಂಡದಿಂದ ಹೊರಬಿದ್ದರು. ಅವರ ನಂತರದ ಸರದಿಯಲ್ಲಿ ಡಲ್ಲಾಸ್ ಆರಿಸಿದ್ದು ರಕ್ಷಣಾ ಆಟಗಾರ ಡಿಮಾರ್ಕಸ್ ವೇರ್ ಅವರನ್ನು. ಅವರೂ ಹಾಲ್ ಆಫ್ ಫೇಮ್ ಸೇರಿದರು. ಅದೇ ಸುತ್ತಿನ 24ನೇ ಸರದಿಯಲ್ಲಿ ಗ್ರೀನ್ ಬೇ ತಂಡಕ್ಕೆ ಹೋದ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಮುಂದಿನ ಹದಿನೈದು ವರ್ಷ ಡೆಟ್ರಾಯಿಟ್ ತಂಡವನ್ನು ಅದರ ವಿಭಾಗದಲ್ಲೇ ಕಾಡಿದರು.

ಇಷ್ಟಾದರೂ 2005ರಲ್ಲಿ ಮಾಲೀಕರು ಮಿಲ್ಲೆನ್ ಅವರ ಗುತ್ತಿಗೆಯನ್ನು ಐದು ವರ್ಷ ವಿಸ್ತರಿಸಿದರು. ಡಿಸೆಂಬರಿನ ಆ ಕಿತ್ತಳೆ ಮೆರವಣಿಗೆ ಇದರ ಬೆನ್ನಿಗೇ ಬಂದದ್ದು. ‘ಮಿಲ್ಲೆನ್‌ರನ್ನು ಕಿತ್ತುಹಾಕಿ’ ಎಂಬ ಘೋಷಣೆ ಡೆಟ್ರಾಯಿಟ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲೂ ಮೊಳಗಿತು. ಮಾಲೀಕರು ಕಿವಿಗೊಡಲಿಲ್ಲ. 2007ರಲ್ಲಿ ಮಿಲ್ಲೆನ್ ಮತ್ತೆ ಎರಡನೇ ಸರದಿಯಲ್ಲಿ ಆರಿಸಿದ್ದು ಮತ್ತೊಬ್ಬ ರಿಸೀವರ್‌ನನ್ನು! ಆತ ಕ್ಯಾಲ್ವಿನ್ ಜಾನ್ಸನ್. ವ್ಯಂಗ್ಯವೆಂದರೆ ಈ ಸಲದ ಆಯ್ಕೆ ಅಪ್ಪಟ ಚಿನ್ನವಾಗಿತ್ತು. ಜಾನ್ಸನ್ ಕೂಡ ಹಾಲ್ ಆಫ್ ಫೇಮ್ ಸೇರಿದವರು. ಆದರೆ ಒಬ್ಬ ಆಟಗಾರನಿಂದ ತಂಡ ನಿಲ್ಲುವುದಿಲ್ಲ ಎಂಬ ಅಭಿಮಾನಿಗಳ ಮಾತನ್ನು ಅವರ ವೃತ್ತಿಜೀವನವೇ ಸಾಬೀತುಪಡಿಸಿತು. ಒಂದೂ ಪ್ಲೇಆಫ್ ಪಂದ್ಯ ಗೆಲ್ಲದೆ 30ನೇ ವಯಸ್ಸಿಗೆ ಅವರು ನಿವೃತ್ತರಾದರು.

2008ರ ಸೆಪ್ಟೆಂಬರಿನಲ್ಲಿ ಮಾಲೀಕರ ಪುತ್ರ ಬಿಲ್ ಫೋರ್ಡ್ ಜೂನಿಯರ್ ಅವರೇ, ಅಧಿಕಾರ ತಮ್ಮ ಕೈಯಲ್ಲಿದ್ದರೆ ಬದಲಾವಣೆ ಮಾಡುತ್ತಿದ್ದೆನೆಂದು ಬಹಿರಂಗವಾಗಿ ಹೇಳಿದರು. ಎರಡು ದಿನಗಳಲ್ಲಿ ಮಿಲ್ಲೆನ್ ನಿರ್ಗಮಿಸಿದರು. ಅವರ ಕಾಲದ ಲೆಕ್ಕ: 31 ಗೆಲುವು, 84 ಸೋಲು. ಆ ಋತುವಿನಲ್ಲಿ ಲಯನ್ಸ್ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತು. ಅಂಥದ್ದು ಲೀಗಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲಯನ್ಸ್ ಆಡುವುದು 1934ರಿಂದ ಬಂದ ಸಂಪ್ರದಾಯ. ಹಬ್ಬದೂಟಕ್ಕೆ ಕುಳಿತ ಇಡೀ ದೇಶದ ಕಣ್ಣೆದುರು ತಂಡ ಅಂದು 47-10ರಿಂದ ಸೋತಿತು.

ಮಾಲೀಕನಿಗೆ ನಷ್ಟವಿಲ್ಲ

ಎಂಟು ವರ್ಷ ಸೋತರೂ ಒಬ್ಬ ಅಧಿಕಾರಿ ಉಳಿಯುವುದು ಹೇಗೆ ಸಾಧ್ಯ? ಇಡೀ ಜಗಳದ ತಿರುಳಿರುವುದು ಈ ಪ್ರಶ್ನೆಯಲ್ಲಿ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಮೂರು ಸ್ಥಾನ ಪಡೆದ ತಂಡಗಳು ಕೆಳ ದರ್ಜೆಗೆ ಇಳಿಯುತ್ತವೆ. ಮಾಲೀಕನ ಆದಾಯಕ್ಕೆ ನೇರ ಪೆಟ್ಟು ಬೀಳುತ್ತದೆ. ಎನ್‌ಎಫ್‌ಎಲ್‌ನಲ್ಲಿ ಕೆಳಗಿಳಿಯುವ ಮಾತೇ ಇಲ್ಲ. ರಾಷ್ಟ್ರೀಯ ಟಿವಿ ಪ್ರಸಾರದ ಅಪಾರ ಹಣ 32 ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಗೆದ್ದರೂ ಸೋತರೂ ಅಷ್ಟೇ. ಸೋತವನಿಗೆ ಮೇಲಾಗಿ ಡ್ರಾಫ್ಟಿನ ಮೊದಲ ಸರದಿ ಬಹುಮಾನ. ಹೀಗಾಗಿ ಕೆಟ್ಟ ಆಡಳಿತವನ್ನು ಶಿಕ್ಷಿಸಲು ವ್ಯವಸ್ಥೆಯೊಳಗೆ ಯಾವ ಕೋಲೂ ಇಲ್ಲ. ಗ್ರೀನ್ ಬೇ ಪ್ಯಾಕರ್ಸ್ ಒಂದನ್ನು ಬಿಟ್ಟರೆ ಸಾರ್ವಜನಿಕ ಷೇರುದಾರರಿರುವ ತಂಡವೂ ಇಲ್ಲ. ಆ ತಂಡದ ಷೇರಿಗೂ ಲಾಭಾಂಶ ಸಿಗದು. ಲೀಗಿನ ನಿಯಮ ಅಂಥ ಮತ್ತೊಂದು ತಂಡ ಹುಟ್ಟಲು ಬಿಡುವುದಿಲ್ಲ.

ಪಂದ್ಯ ಬಹಿಷ್ಕರಿಸೋಣವೆಂದರೆ ಅದೂ ಅಭಿಮಾನಿಗೇ ತಿರುಗುಬಾಣ. 2015ರಲ್ಲಿ ಕೈಬಿಡುವವರೆಗೂ ಲೀಗ್‌ನಲ್ಲಿ ಒಂದು ನಿಯಮವಿತ್ತು: ಪಂದ್ಯಕ್ಕೆ 72 ಗಂಟೆ ಮೊದಲು ಟಿಕೆಟ್ ಪೂರ್ತಿ ಮಾರಾಟವಾಗದಿದ್ದರೆ ಆ ಊರಿನ ಟಿವಿಯಲ್ಲಿ ಪಂದ್ಯ ಪ್ರಸಾರವಾಗದು. 2008ರಲ್ಲಿ ಡೆಟ್ರಾಯಿಟ್‌ನಲ್ಲಿ ಹಲವು ಪಂದ್ಯಗಳಿಗೆ ಹೀಗೇ ಆಯಿತು. ಟಿಕೆಟ್ ಕೊಳ್ಳದವನಿಗೆ ಮನೆಯಲ್ಲೂ ಆಟವಿಲ್ಲ. ಕಾರು ಉದ್ಯಮ ಕುಸಿದು, ಕೆಲಸಗಳು ಹೋಗುತ್ತಿದ್ದ ಆ ವರ್ಷದಲ್ಲಿ ಇದು ಎಂಥ ಕಹಿಯಾಗಿದ್ದಿರಬೇಕು ಎಂಬುದನ್ನು ವಿವರಿಸಬೇಕಿಲ್ಲ. ಹೀಗಿರುವಾಗ ಅಭಿಮಾನಿಗೆ ಉಳಿದದ್ದು ಬಾಯಿ ಮಾತ್ರ. ಡ್ರಾಫ್ಟ್ ಕುರಿತ ಆತನ ಗದ್ದಲವನ್ನು ಬರೀ ಹರಟೆಯೆಂದು ತಳ್ಳಿಹಾಕಲು ಈ ವರದಿಗಾರನಿಗೆ ಮನಸ್ಸು ಬಾರದಿರುವುದು ಈ ಕಾರಣಕ್ಕೆ.

ಹಾಗೆಂದು ಅಭಿಮಾನಿಯ ತೀರ್ಪೆಲ್ಲ ಸರಿ ಎಂದಲ್ಲ. 1999ರಲ್ಲಿ ಫಿಲಡೆಲ್ಫಿಯಾದ ಅಭಿಮಾನಿಗಳ ಗುಂಪೊಂದು ನ್ಯೂಯಾರ್ಕಿನ ಡ್ರಾಫ್ಟ್ ಸಭಾಂಗಣಕ್ಕೆ ಹೋಗಿ, ತಮ್ಮ ತಂಡ ಡೊನೊವನ್ ಮೆಕ್‌ನ್ಯಾಬ್ ಹೆಸರು ಕೂಗಿದೊಡನೆ ಗೇಲಿ ಮಾಡಿತು. ಅವರಿಗೆ ಬೇಕಾಗಿದ್ದವರು ರಿಕಿ ವಿಲಿಯಮ್ಸ್. ಮೆಕ್‌ನ್ಯಾಬ್ ಮುಂದೆ ಅದೇ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಅಂತಿಮ ಪಂದ್ಯಕ್ಕೆ ಕೊಂಡೊಯ್ದರು.

ತಜ್ಞರೂ ಇದಕ್ಕಿಂತ ಬಹಳ ಮೇಲಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರು ಕೇಡ್ ಮ್ಯಾಸಿ ಜೊತೆಗೂಡಿ ಡ್ರಾಫ್ಟಿನ ಹಳೆಯ ಲೆಕ್ಕಗಳನ್ನೆಲ್ಲ ಜಾಲಾಡಿದ್ದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಆರಿಸಿದ ಆಟಗಾರ ಅದೇ ಸ್ಥಾನದ ಮುಂದಿನ ಆಟಗಾರನಿಗಿಂತ ಉತ್ತಮನಾಗುವ ಸಾಧ್ಯತೆ ಶೇ 52ರಷ್ಟು ಮಾತ್ರ. ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು! ಅವರ ಇನ್ನೊಂದು ನಿರ್ಣಯ ಮತ್ತಷ್ಟು ಕುತೂಹಲಕರ. ತಂಡಗಳು ತಮ್ಮ ಕಣ್ಣಿನ ಮೇಲೆ ಅತಿಯಾದ ನಂಬಿಕೆಯಿಟ್ಟು ಮೊದಲ ಸರದಿಗಳಿಗೆ ವಿಪರೀತ ಬೆಲೆ ತೆರುತ್ತವೆ. ಒಂದು ಸರದಿಯನ್ನು ಬಿಟ್ಟುಕೊಟ್ಟು ಕೆಳಗಿನ ಎರಡು ಮೂರು ಸರದಿ ಪಡೆಯುವುದೇ ಲಾಭ.

ಬೆಲೆ ಎಂದರೆ ಇಲ್ಲಿ ನಿಜಕ್ಕೂ ಬೆಲೆಪಟ್ಟಿಯೇ ಇದೆ. 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ತರಬೇತುದಾರರಾಗಿದ್ದ ಡಲ್ಲಾಸ್ ತಂಡ ಒಂದು ಕೋಷ್ಟಕ ಮಾಡಿಕೊಂಡಿತ್ತು. ಮೊದಲ ಸರದಿಗೆ 3000 ಅಂಕ, ಹತ್ತನೆಯದಕ್ಕೆ 1300, ಮೂವತ್ತೆರಡನೆಯದಕ್ಕೆ 590. ವಿನಿಮಯ ನ್ಯಾಯವೋ ಮೋಸವೋ ಎಂದು ಅಭಿಮಾನಿಗಳು ಇಂದಿಗೂ ಇಂಥ ಕೋಷ್ಟಕಗಳನ್ನಿಟ್ಟುಕೊಂಡೇ ವಾದಿಸುತ್ತಾರೆ. ಜೊತೆಗೆ ಸಂಬಳದ ಮಿತಿಯೂ ಇದೆ. 2009ರಲ್ಲಿ ಲಯನ್ಸ್ ಮೊದಲ ಸರದಿಯಲ್ಲಿ ಆರಿಸಿದ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ಗೆ, ಆತ ಒಂದು ಪಂದ್ಯ ಆಡುವ ಮೊದಲೇ 4.17 ಕೋಟಿ ಡಾಲರ್ ಖಾತರಿಯಾಗಿತ್ತು. 2011ರ ಒಪ್ಪಂದವು ಹೊಸಬರ ಸಂಬಳಕ್ಕೆ ಕಡಿವಾಣ ಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಅಂದಿನಿಂದ ಚೆನ್ನಾಗಿ ಆರಿಸಿದ ಹುಡುಗನೆಂದರೆ ಅಗ್ಗದ ದರಕ್ಕೆ ಸಿಕ್ಕ ಬಂಗಾರ. ಉಳಿದ ಹಣದಲ್ಲಿ ತಂಡ ಕಟ್ಟಬಹುದು. ಡ್ರಾಫ್ಟಿನ ತಪ್ಪು ಮೊದಲಿಗಿಂತ ಹೆಚ್ಚು ನೋಯಿಸಲು ಇದೇ ಕಾರಣ.

ಗೇಲಿಗೊಳಗಾದ ಆಯ್ಕೆಗಳು

ಸ್ಟ್ಯಾಫರ್ಡ್ ಹನ್ನೆರಡು ಋತು ಡೆಟ್ರಾಯಿಟ್‌ನಲ್ಲಿ ದುಡಿದರು. ಮೂರು ಸಲ ಪ್ಲೇಆಫ್ ತಲುಪಿ, ಮೂರೂ ಸಲ ಮೊದಲ ಪಂದ್ಯದಲ್ಲೇ ತಂಡ ಸೋತಿತು. 2020ರ ಜೂನ್‌ನಲ್ಲಿ ತಂಡದ ಚುಕ್ಕಾಣಿ ವಿಲಿಯಂ ಕ್ಲೇ ಫೋರ್ಡ್ ಅವರ ಮಗಳು ಶೀಲಾ ಫೋರ್ಡ್ ಹ್ಯಾಂಪ್ ಕೈಗೆ ಬಂತು. 2021ರ ಜನವರಿಯಲ್ಲಿ ಅವರು ನೇಮಿಸಿಕೊಂಡ ಜನರಲ್ ಮ್ಯಾನೇಜರ್ ಬ್ರಾಡ್ ಹೋಮ್ಸ್. ರ‍್ಯಾಮ್ಸ್ ತಂಡದಲ್ಲಿ ಪ್ರಚಾರ ವಿಭಾಗದ ತರಬೇತಿ ನೌಕರನಾಗಿ ಸೇರಿ, ಕಾಲೇಜು ಆಟಗಾರರ ಪರಿಶೀಲನಾ ವಿಭಾಗದ ನಿರ್ದೇಶಕನ ಹುದ್ದೆಗೇರಿದ್ದವರು. ಮಿಲ್ಲೆನ್‌ಗೆ ಇಲ್ಲದಿದ್ದ ಅನುಭವವೇ ಇವರ ಬಂಡವಾಳ.

ಹೋಮ್ಸ್ ಬಂದೊಡನೆ ಸ್ಟ್ಯಾಫರ್ಡ್ ಅವರನ್ನು ರ‍್ಯಾಮ್ಸ್‌ಗೆ ಕೊಟ್ಟು, ಅಲ್ಲಿ ಬೇಡವಾಗಿದ್ದ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಮತ್ತು ಮುಂದಿನ ಎರಡು ಮೊದಲ ಸುತ್ತಿನ ಹಾಗೂ ಒಂದು ಮೂರನೇ ಸುತ್ತಿನ ಸರದಿ ಪಡೆದರು. ಮರುವರ್ಷವೇ ಸ್ಟ್ಯಾಫರ್ಡ್ ರ‍್ಯಾಮ್ಸ್ ಪರ ಸೂಪರ್ ಬೌಲ್ ಗೆದ್ದರು. ಡೆಟ್ರಾಯಿಟ್ ಆ ಋತುವಿನಲ್ಲಿ ಗೆದ್ದಿದ್ದು ಮೂರೇ ಪಂದ್ಯ. 2022ರ ಋತುವಿನ ಮೊದಲ ಆರು ಪಂದ್ಯಗಳಲ್ಲಿ ಐದು ಸೋತಾಗ ತರಬೇತುದಾರ ಡ್ಯಾನ್ ಕ್ಯಾಂಬೆಲ್ ತಲೆದಂಡಕ್ಕೆ ಕೂಗೆದ್ದಿತು. ಆಗ ಶೀಲಾ ಅವರು ತಾವೇ ಮಾಧ್ಯಮದ ಮುಂದೆ ಬಂದು, ಕಷ್ಟದ ಪುನರ್ನಿರ್ಮಾಣ ಇದು, ಇವರ ಮೇಲೆ ನನಗೆ ನಂಬಿಕೆಯಿದೆ ಎಂಬರ್ಥದ ಮಾತಾಡಿದರು. ತಂದೆಯೂ ತಮ್ಮ ಅಧಿಕಾರಿಯ ಬೆನ್ನಿಗೆ ನಿಂತಿದ್ದರು, ಮಗಳೂ ನಿಂತರು. ಮಗಳು ಕಾರಣ ಕೊಟ್ಟರು ಎಂಬುದೇ ವ್ಯತ್ಯಾಸ. ಋತುವಿನ ಕೊನೆಗೆ ಲೆಕ್ಕ 9 ಗೆಲುವು, 8 ಸೋಲು.

ನಂತರ ಬಂದದ್ದು 2023ರ ಡ್ರಾಫ್ಟ್. ಸ್ಟ್ಯಾಫರ್ಡ್ ವಿನಿಮಯದಿಂದ ಬಂದ ಸರದಿ ರ‍್ಯಾಮ್ಸ್‌ನ ಕುಸಿತದಿಂದಾಗಿ ಆರನೆಯದಾಗಿತ್ತು. ಹೋಮ್ಸ್ ಅದನ್ನು ಅರಿಜೋನಾಗೆ ಬಿಟ್ಟುಕೊಟ್ಟು 12 ಮತ್ತು 34ನೇ ಸರದಿ ಪಡೆದರು. 12ರಲ್ಲಿ ಆರಿಸಿದ್ದು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜಹ್ಮೀರ್ ಗಿಬ್ಸ್. ತಂಡದ ಸ್ವಂತ 18ರಲ್ಲಿ ಲೈನ್‌ಬ್ಯಾಕರ್ ಜಾಕ್ ಕ್ಯಾಂಬೆಲ್. ಅಂಕಿಅಂಶ ಪಂಡಿತರ ಪ್ರಕಾರ ಈ ಎರಡೂ ಸ್ಥಾನಗಳ ಆಟಗಾರರು ಅಗ್ಗವಾಗಿ ಸಿಗುತ್ತಾರೆ, ಮೊದಲ ಸುತ್ತಿನ ಸರದಿಯನ್ನು ಅವರಿಗೆ ವ್ಯಯಿಸುವುದು ದಡ್ಡತನ. ಟಿವಿ ವಿಶ್ಲೇಷಕರು ಹೀಯಾಳಿಸಿದರು. ಲಯನ್ಸ್ ಅಭಿಮಾನಿಗಳಲ್ಲೇ ಎರಡು ಬಣ ಎದ್ದಿತು. ಒಂದು ಬಣಕ್ಕೆ ಇದು ಮಿಲ್ಲೆನ್ ಯುಗದ ಮರುಕಳಿಕೆಯಂತೆ ಕಂಡಿತು.

ಆ ಹೋಲಿಕೆ ಸರಿಯಿರಲಿಲ್ಲ. ಮಿಲ್ಲೆನ್ ಅದೇ ಸ್ಥಾನವನ್ನು ಮತ್ತೆ ಮತ್ತೆ ತುಂಬುತ್ತ ಹೋದರೆ, ಹೋಮ್ಸ್ ಅಷ್ಟರಲ್ಲಿ ಅಡಿಪಾಯ ಹಾಕಿ ಮುಗಿಸಿದ್ದರು. ಅವರ ಮೊತ್ತಮೊದಲ ಆಯ್ಕೆ, 2021ರ ಏಳನೇ ಸರದಿಯ ಪೆನೇ ಸ್ಯೂಯೆಲ್, ಕ್ವಾರ್ಟರ್‌ಬ್ಯಾಕ್‌ನ ಕಾವಲಿಗೆ ನಿಲ್ಲುವ ದೈತ್ಯ. ರಿಸೀವರ್ ಬೇಕೆನಿಸಿದಾಗ ನಾಲ್ಕನೇ ಸುತ್ತಿನವರೆಗೆ ಕಾದು, 112ನೇ ಸರದಿಯಲ್ಲಿ ಅಮೊನ್-ರಾ ಸೇಂಟ್ ಬ್ರೌನ್‌ರನ್ನು ಹಿಡಿದರು. ಆ ವರ್ಷ ತನಗಿಂತ ಮೊದಲು ಆಯ್ಕೆಯಾದ ಹದಿನಾರು ರಿಸೀವರ್‌ಗಳ ಹೆಸರನ್ನು ಸೇಂಟ್ ಬ್ರೌನ್ ಕಂಠಪಾಠ ಹೇಳಬಲ್ಲರು. ಅವಮಾನ ಒಮ್ಮೊಮ್ಮೆ ಒಳ್ಳೆಯ ಗುರು.

ಗೇಲಿಗೊಳಗಾದ 2023ರ ತಂಡ ಆ ಋತುವಿನಲ್ಲಿ 12 ಪಂದ್ಯ ಗೆದ್ದಿತು. 34ನೇ ಸರದಿಯಲ್ಲಿ ಬಂದ ಸ್ಯಾಮ್ ಲಪೋರ್ಟಾ ತಮ್ಮ ಸ್ಥಾನದ ಹೊಸಬರ ಪೈಕಿ ಅಲ್ಲಿಯವರೆಗಿನ ದಾಖಲೆಯಾದ 86 ಕ್ಯಾಚ್ ಹಿಡಿದರು. 2024ರ ಜನವರಿ 14ರಂದು ಫೋರ್ಡ್ ಫೀಲ್ಡ್‌ನಲ್ಲಿ ನಡೆದ ಪ್ಲೇಆಫ್ ಪಂದ್ಯದ ಎದುರಾಳಿ ಯಾರು? ಸ್ಟ್ಯಾಫರ್ಡ್ ಇದ್ದ ರ‍್ಯಾಮ್ಸ್. ಡೆಟ್ರಾಯಿಟ್ 24-23ರಿಂದ ಗೆದ್ದಿತು. 1992ರ ಜನವರಿಯ ನಂತರ ತಂಡಕ್ಕೆ ದೊರೆತ ಮೊದಲ ಪ್ಲೇಆಫ್ ಗೆಲುವು ಅದು. ಮೂವತ್ತೆರಡು ವರ್ಷ. ಅಂದು ತೊಟ್ಟಿಲಲ್ಲಿದ್ದ ಮಗು ಈಗ ತನ್ನ ಮಗುವನ್ನು ಹೆಗಲ ಮೇಲೆ ಹೊತ್ತು ಪಂದ್ಯಕ್ಕೆ ಬರುವಷ್ಟು ಕಾಲ. ಎರಡು ವಾರಗಳ ಬಳಿಕ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿಯಿರುವಾಗ ಸ್ಯಾನ್ ಫ್ರಾನ್ಸಿಸ್ಕೊ ಎದುರು 34-31ರಿಂದ ತಂಡ ಸೋತಿತು. ಅದೇ ಏಪ್ರಿಲ್‌ನಲ್ಲಿ ಡ್ರಾಫ್ಟ್ ಸಮಾರಂಭ ನಡೆದದ್ದು ಡೆಟ್ರಾಯಿಟ್‌ನಲ್ಲೇ. ಮೂರು ದಿನಗಳಲ್ಲಿ 7.75 ಲಕ್ಷ ಜನ ಸೇರಿದರು. ಡ್ರಾಫ್ಟಿನ ಇತಿಹಾಸದಲ್ಲಿ ಅಷ್ಟು ಜನ ಅದಕ್ಕೂ ಮೊದಲು ಸೇರಿರಲಿಲ್ಲ. 2013ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ನಗರ ಅದು.

2024ರ ಋತುವಿನಲ್ಲಿ 15 ಗೆಲುವು, 2 ಸೋಲು. ತಂಡದ ಚರಿತ್ರೆಯಲ್ಲೇ ಅತ್ಯುತ್ತಮ. ಗಿಬ್ಸ್ ಒಬ್ಬರೇ 20 ಟಚ್‌ಡೌನ್ ಗಳಿಸಿದರು. ಆದರೆ ಗಾಯಾಳುಗಳ ಪಟ್ಟಿ ಬೆಳೆದಿತ್ತು, ವಿಶೇಷವಾಗಿ ರಕ್ಷಣಾ ಪಡೆಯಲ್ಲಿ. 2025ರ ಜನವರಿ 18ರಂದು ಸ್ವಂತ ಮೈದಾನದಲ್ಲಿ ವಾಷಿಂಗ್ಟನ್ ಎದುರು 45-31ರಿಂದ ಸೋತು ಹೊರಬಿತ್ತು. ತರಬೇತುದಾರನ ಎಡಬಲದಂತಿದ್ದ ಇಬ್ಬರು ಸಹಾಯಕರು ಬೇರೆ ತಂಡಗಳ ಮುಖ್ಯ ಹುದ್ದೆಗೆ ಹೊರಟುಹೋದರು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಮುಗಿಬೀಳುವ ಇನ್ನೊಬ್ಬ ಆಟಗಾರ ಬೇಕೇಬೇಕು ಎಂಬುದು ಆ ವರ್ಷದ ಡ್ರಾಫ್ಟಿಗೆ ಮುನ್ನ ಅಭಿಮಾನಿಗಳ ಒಕ್ಕೊರಲ ಕೂಗಾಗಿತ್ತು. ಹೋಮ್ಸ್ ಮೂರನೇ ಸುತ್ತಿನಲ್ಲಿ ಮೇಲಕ್ಕೆ ಜಿಗಿದು, ಅದಕ್ಕಾಗಿ 2026ರ ಎರಡು ಮೂರನೇ ಸುತ್ತಿನ ಸರದಿಗಳನ್ನು ಜಾಕ್ಸನ್‌ವಿಲ್‌ಗೆ ಒಪ್ಪಿಸಿ ತಂದದ್ದು ಐಸಾಕ್ ಟೆಸ್ಲಾ ಎಂಬ ರಿಸೀವರ್‌ನನ್ನು.

2025ರ ಋತುವಿನಲ್ಲಿ ಲಯನ್ಸ್ ಪ್ಲೇಆಫ್ ತಲುಪಲಿಲ್ಲ. ಡೆಟ್ರಾಯಿಟ್‌ನಲ್ಲಿ ಹಳೆಯ ಬೆಲೆಪಟ್ಟಿಗಳು ಮತ್ತೆ ಮೇಜಿಗೆ ಬಂದವು.